ಬಾಗಿಲಲ್ಲಿ ನಿಂತು ನೋಡಿದ ಸಿನಿಮಾ

ಅಮ್ಮನವರಿಗೆ,

ನಿಮ್ಮ ಅಡುಗೆಯವಳು ಅಡುಗೆಮನೆಯ ಬಾಗಿಲಿಂದಲೇ ಮಾಡುವ ನಮಸ್ಕಾರಗಳು. ನೀವು ಕಣ್ಣು ಮುಚ್ಚಿದ ಮೇಲೆ ಈ ಮನೆಯಲ್ಲಿ ನನ್ನನ್ನು ಬೈಯುವವರೇ ಇಲ್ಲ. ಉಪ್ಪು ಹೆಚ್ಚಾದರೆ ನಾನೇ ತಿನ್ನಬೇಕು, ನಾನೇ ಮೂತಿ ಸೊಟ್ಟ ಮಾಡಿಕೊಳ್ಳಬೇಕು.

ನಾಳೆ ನಿಮ್ಮ ಮಗಳು ಮನೆ ಖಾಲಿ ಮಾಡಿಸುತ್ತಾರೆ. "ನಿಮಗೇನು ಬೇಕೋ ತಗೊಳ್ಳಿ ಅಕ್ಕಾ" ಎಂದರು. ಆ ಹಳೇ ಕಪ್ಪುಬಿಳುಪು ಸಿನಿಮಾ ಒಂದು ಸಲ ಹಾಕಿಕೊಡಿ ಸಾಕು ಎಂದೆ. ಹಾಕಿಕೊಟ್ಟು, ಕೆಲಸ ಬೆಟ್ಟದಷ್ಟಿದೆ ಎಂದು ಹೊರಟುಹೋದರು.

ನೆನಪಿದೆಯೇ ಅಮ್ಮಾ? ಭಾನುವಾರ ಊಟವಾಗುತ್ತಲೇ ನಿಮಗೆ ಅದೇ ಸಿನಿಮಾ ಬೇಕು. ಅದರಲ್ಲೊಂದು ಸಾಹುಕಾರರ ಮನೆ. ಅಪ್ಪನಿಗೆ ಮರೆವು. ಮಗಳೋ, ಮದುವೆಯಾಗಬೇಕಾದ ಗಂಡನ್ನು ಬೀರುವಿನಲ್ಲಿ ಬಚ್ಚಿಟ್ಟು ಬೀಗದ ಕೈ ಕಳೆದುಕೊಳ್ಳುವವಳು. ಅಲ್ಲಿ ತಲೆ ನೆಟ್ಟಗಿರುವವನು ಆಳು ಒಬ್ಬನೇ. ಕೊನೆಗೆ ಅವನನ್ನೇ ಕೂರಿಸಿ ಮನೆಯವರೆಲ್ಲ ಬಡಿಸುತ್ತಾರೆ. "ನೋಡೇ, ನಿನ್ನ ಥರಾನೇ ಅವನಿಗೂ ಮೂಗಿನ ತುದೀಲೇ ಕೋಪ! ಬಾ, ಕೂತ್ಕೊಂಡು ನೋಡು" ಎಂದು ಸೋಫಾದಲ್ಲಿ ಪಕ್ಕದ ಜಾಗ ತಟ್ಟುತ್ತಿದ್ದಿರಿ. "ಒಲೆ ಮೇಲೆ ಹಾಲಿಟ್ಟಿದ್ದೀನಿ ಅಮ್ಮಾ, ಉಕ್ಕುತ್ತೆ" ಎಂದು ನಾನು ಬಾಗಿಲಲ್ಲೇ ನಿಲ್ಲುತ್ತಿದ್ದೆ. ನೀವು ನಕ್ಕು ಮುಗಿಸುವ ಹೊತ್ತಿಗೆ ನನ್ನದು ಶುರು. "ಟ್ಯೂಬ್‌ಲೈಟು ಕಣೇ ನೀನು!" ಎನ್ನುತ್ತಿದ್ದಿರಿ.

ಒಲೆಯ ಮೇಲೆ ಹಾಲು ಇರುತ್ತಿರಲಿಲ್ಲ ಅಮ್ಮಾ. ಆ ಬಾಗಿಲಿಂದ ಟಿವಿಯೂ ಕಾಣುವುದಿಲ್ಲ, ಪುಸ್ತಕದ ಕಪಾಟು ಅಡ್ಡ. ಕಾಣುತ್ತಿದ್ದುದು ನಿಮ್ಮ ಮುಖ. ಯಜಮಾನರು ಹೋದಂದಿನಿಂದ ಬಿಗಿದುಕೊಂಡೇ ಇರುತ್ತಿದ್ದ ಆ ಮುಖ ಅದೊಂದು ಹೊತ್ತಿನಲ್ಲಿ ಸಡಿಲವಾಗುತ್ತಿತ್ತು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಗುತ್ತಿದ್ದಿರಿ. ಅದನ್ನು ನೋಡಿ ನನಗೆ ನಗು ಬರುತ್ತಿತ್ತು. ಪಕ್ಕದಲ್ಲಿ ಕೂತಿದ್ದರೆ ಸಿನಿಮಾ ಕಾಣುತ್ತಿತ್ತು, ನೀವು ಕಾಣುತ್ತಿರಲಿಲ್ಲ.

ಇವತ್ತು ನೀವು ತಟ್ಟುತ್ತಿದ್ದ ಜಾಗದಲ್ಲೇ ಕೂತು ಮೊದಲ ಸಲ ಪೂರ್ತಿ ನೋಡಿದೆ. ಬೀರುವಿನ ಗಲಾಟೆ ಬಂತು, ಆಳಿಗೆ ಬಡಿಸುವುದೂ ಬಂತು. ಪ್ರತಿ ಸಲವೂ ನಿಮ್ಮ ಕಡೆಗೆ ತಿರುಗಿದೆ. ಕುತ್ತಿಗೆ ನೋವು ಬಂತೇ ಹೊರತು ನಗು ಬರಲಿಲ್ಲ.

ಬೇಜಾರು ಮಾಡಿಕೊಳ್ಳಬೇಡಿ ಅಮ್ಮಾ, ಅದು ಅಷ್ಟೇನೂ ನಗಿಸುವ ಸಿನಿಮಾ ಅಲ್ಲ.

ನೀವಿರುವ ಕಡೆ ನಗುತ್ತಿರಿ. ನಿಮ್ಮದು ಮುಗಿದ ಮೇಲೆ, ಎಂದಿನಂತೆ ಸ್ವಲ್ಪ ತಡವಾಗಿ, ನಾನೂ ನಗುತ್ತೇನೆ.

ಇಂತಿ,
ನಿಮ್ಮ ಟ್ಯೂಬ್‌ಲೈಟು