ಎಗ್ಮೋರಿನಲ್ಲಿ ಹಸಿರು ಶಾಲು

ಕ್ರೋಂಪೇಟೆ, ಚೆನ್ನೈ
ಗುರುವಾರ, 5 ಅಕ್ಟೋಬರ್ 2023

ನನ್ನ ಕರಿಯಮ್ಮನ ಬೆನ್ನಿಗೆ ಬಿದ್ದ ತಮ್ಮ ಅಂದಾನಿಗೆ,

ನಿನ್ನ ಭಾವ ಭೋಜರಾಜ ಮಾಡುವ ಆಶೀರ್ವಾದ. ಬೇಡ ಅಂದರೂ ಮಾಡುತ್ತೇನೆ. ನಾನು ನಿನಗಿಂತ ಹಿರಿಯ ಅನ್ನೋದನ್ನು ರೈತ ಸಂಘದ ಸಭೆಯಲ್ಲಿ ನಿರ್ಣಯ ಮಾಡಿ ರದ್ದು ಮಾಡೋಕೆ ಆಗೋದಿಲ್ಲವಲ್ಲ. ಮಗಳು ಬೃಂದಾ, ಅಳಿಯ ನಿಶಾಂತ್, ಮೊಮ್ಮಗಳು ಮೌನ ಎಲ್ಲರೂ ಕ್ಷೇಮ. ಕ್ಷೇಮ ಅಂದರೆ ಊಟ ನಿದ್ದೆ ನಡೀತಿದೆ.

ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದುಹಾಕಿದಿರಿ. ಆದ್ದರಿಂದ ಕಾಗದ. ಮಂಡ್ಯದ ಕಾಲೇಜಿನಲ್ಲಿ ಲೆಟರ್ ರೈಟಿಂಗ್ ಅಂತ ಒಂದು ಪ್ರಶ್ನೆ ಇರುತ್ತಿತ್ತು. ಮೊದಲು ಸಬ್ಜೆಕ್ಟ್ ಬರೀಬೇಕು, ಆಮೇಲೆ ಐ ಬೆಗ್ ಟು ಸ್ಟೇಟ್. ಅದನ್ನೇ ಹಿಡೀತೇನೆ. ಸಬ್ಜೆಕ್ಟ್: ಬರೋ ಶನಿವಾರದಾಚೆಯ ಶನಿವಾರ, ಮಾಲಯ ಅಮಾವಾಸ್ಯೆ ದಿನ, ನಿಮ್ಮಕ್ಕನ ಸಮಾಧಿ ಗುಡ್ಡೆಯ ಮುಂದೆ ಮೊದಲ ವರ್ಷದ ಎಡೆ ಇಡೋದಕ್ಕೆ ನನ್ನನ್ನು ಊರೊಳಕ್ಕೆ ಬಿಡುವ ಬಗ್ಗೆ. ಐ ಬೆಗ್ ಟು ಸ್ಟೇಟ್.

ಮೊದಲ ಎಡೆ ಮನೆಯವನ ಕೈಯಿಂದ ಆಗದಿದ್ದರೆ ಹೋದ ಜೀವ ಹಿರೀಕರ ಸಾಲಿಗೆ ಸೇರೋದಿಲ್ಲ, ಹೊಸಿಲಾಚೆ ನಿಂತೇ ಇರುತ್ತದೆ ಅಂತ ನಿಮ್ಮವ್ವ ಹೇಳೋಳು. ನಾನು ಅದನ್ನೆಲ್ಲ ನಂಬದವನು, ಪ್ರೋಗ್ರೆಸ್ಸಿವ್. ಆದರೆ ಕರಿಯಮ್ಮ ನಂಬಿದ್ದಳು. ಅವಳು ನಂಬಿದ ಮೇಲೆ ನನ್ನ ನಂಬಿಕೆ ಯಾರಿಗೆ ಬೇಕು?

ನಿನ್ನ ಷರತ್ತು ಬೃಂದಾ ಹೇಳಿದಳು. ನಾನು ಹಸಿರು ಶಾಲು ಹೊದ್ದು ಮೊಬೈಲಿನ ಮುಂದೆ ನಿಂತು, ತಮಿಳುನಾಡಿನವರು ನನಗೆ ಸುಳ್ಳು ಹೇಳಿ ಮೋಸದಿಂದ ತಮ್ಮ ಧರಣಿಯಲ್ಲಿ ಕೂರಿಸಿಕೊಂಡರು ಅಂತ ಹೇಳಿ ವಿಡಿಯೋ ಕಳಿಸಬೇಕು. ಅದನ್ನು ನೀವು ಟೀವಿಗೆ ಕೊಡುತ್ತೀರಿ. ಇಲ್ಲವಾದರೆ ನಾನು ಬಸ್ಸಿಳಿದ ಕೂಡಲೇ ಹುಡುಗರು ಮುಖಕ್ಕೆ ಮಸಿ ಬಳಿಯುತ್ತಾರೆ, ನೀನು ತಡೆಯೋದಿಲ್ಲ. ಇಷ್ಟೇ ತಾನೆ? ಸರಿ. ನನ್ನ ಸೈಡೂ ಒಂದಿದೆ, ಕೇಳು. ಕೊಲೆ ಮಾಡಿದವನಿಗೂ ಬೆನಿಫಿಟ್ ಆಫ್ ಡೌಟ್ ಅಂತ ಕೊಡುತ್ತಾರೆ.

ಆವತ್ತು ನಾನು ಎಗ್ಮೋರಿನ ಸರ್ಕಾರಿ ಕಣ್ಣಾಸ್ಪತ್ರೆಗೆ ಹೋಗಿದ್ದೆ. ಲೋಕಲ್ ಟ್ರೈನಿನಲ್ಲಿ, ಟಿಕೆಟ್ ತಗೊಂಡೇ. ನಗಬೇಡ. ಶಾಲೇ ಟಿಕೆಟ್ಟು ಅಂತ ಬೆಂಗಳೂರು ರೈಲು ಹತ್ತುತ್ತಿದ್ದವರು ನಾವು, ಟೀಸಿ ಬಂದರೆ ಹೆಗಲು ತೋರಿಸಿದರೆ ಸಾಕಿತ್ತು. ಆಸ್ಪತ್ರೆಗೆ ಶಾಲು ಯಾಕೆ ಅಂತ ಎಲ್ಲರೂ ಕೇಳಿಯಾಯಿತು. ಅಭ್ಯಾಸ. ಸರ್ಕಾರಿ ಕಟ್ಟಡ ಅಂದರೆ ಹೆಗಲಿಗೆ ಶಾಲು. ನಮ್ಮ ತಾಲೂಕು ಆಫೀಸಿನಲ್ಲಿ ಅದು ಕಂಡರೆ ಗುಮಾಸ್ತ ನಾಳೆ ಬಾ ಅನ್ನೋದಿಲ್ಲ. ಇಲ್ಲಿ ಆ ಶಾಲಿನ ಮಾತು ಯಾರಿಗೂ ತಿಳಿಯೋದಿಲ್ಲ. ಹೂವಿನವಳು ನನ್ನನ್ನು ಎರಡೆಲೆ ಗುರುತಿನ ಪಾರ್ಟಿಯವನು ಅಂದುಕೊಂಡಿದ್ದಾಳೆ. ವಾಚ್‌ಮನ್ನು ದರ್ಗಾಕ್ಕೆ ಹೊರಟಿರಾ ಅಂತ ಕೇಳಿದ್ದ. ಮೌನ ಸ್ಕೂಲಿನ ಗ್ರೀನ್ ಡೇಗೆ ಅದನ್ನೇ ಸುತ್ತಿಕೊಂಡು ಬಾಳೆಗಿಡ ಆಗಿದ್ದಳು. ಆಸ್ಪತ್ರೆಯ ನರ್ಸಮ್ಮನೋ, ಕಣ್ಣಿಗೆ ಹನಿ ಬಿಟ್ಟು, ಸುರಿಯೋ ನೀರನ್ನು ಅದರಲ್ಲೇ ಒರೆಸಿಕೊಳ್ಳಿ ಅಂತ ಸನ್ನೆ ಮಾಡಿದಳು. ಒರೆಸಿಕೊಂಡೆ. ಅದಕ್ಕೂ ಒಂದು ನಿರ್ಣಯ ಮಾಡು.

ಆ ಹನಿ ಬಿಟ್ಟರೆ ಪಾಪೆ ದೊಡ್ಡದಾಗಿ ಬಿಸಿಲೆಲ್ಲ ಕಣ್ಣೊಳಕ್ಕೆ ನುಗ್ಗುತ್ತದೆ. ಜೊತೆಗೆ ಯಾರಾದರೂ ಬರಬೇಕು ಅಂದಿದ್ದರು. ಬೃಂದಾಗೆ ಅಡ್ಯಾರಿನ ಬ್ಯಾಂಕಿನಲ್ಲಿ ಆಡಿಟ್ಟು, ನಾನೇ ಬೇಡ ಅಂದಿದ್ದೆ. ಹೊರಗೆ ಬಂದರೆ ರೋಡೂ ಇಲ್ಲ ಬಸ್ಸೂ ಇಲ್ಲ, ಬರೀ ಬೆಳ್ಳಗೆ. ಗೋಡೆ ಹಿಡಿದು ನಡೆದೆ. ಒಂದು ಕಡೆ ಆ ಬಿಳುಪಿನಲ್ಲಿ ಹಸಿರು ಕಾಣಿಸಿತು. ಒಂದಲ್ಲ, ಹತ್ತಾರು ಹೆಗಲು, ಹತ್ತಾರು ಪೇಟ. ಮೈಕಿನಲ್ಲಿ ಯಾರೋ ಕೂಗುತ್ತಿದ್ದರು. ಲಾಜಿಕ್ ಕ್ಲಾಸಿನಲ್ಲಿ ಹೇಳಿಕೊಡೋರು ನೋಡು, ಆಲ್ ಮೆನ್ ಆರ್ ಮಾರ್ಟಲ್ ಅಂತ ಶುರುವಾಗಿ ದೇರ್‌ಫೋರ್ ಅಂತ ಮುಗಿಯೋದು. ನಮ್ಮವರೆಲ್ಲ ಹಸಿರು ಶಾಲಿನವರು, ಇವರೂ ಹಸಿರು ಶಾಲಿನವರು, ದೇರ್‌ಫೋರ್ ನಮ್ಮವರು. ಆ ತಪ್ಪಿಗೆ ಒಂದು ಹೆಸರೂ ಇತ್ತು, ಮಿಡಲ್ ಏನೋ. ಆಗಲೂ ಅದರಲ್ಲಿ ನನಗೆ ಮಾರ್ಕ್ಸ್ ಬರಲಿಲ್ಲ.

ಬೆಂಗಳೂರಿನಿಂದ ನಮ್ಮೋರೇ ಬಂದಿದ್ದಾರೆ ಅಂತ ಹೋಗಿ ಕೂತೆ. ಬ್ಯಾನರ್ ಕಾಣಲಿಲ್ಲ, ಕಂಡಿದ್ದರೂ ತಮಿಳು ಓದೋಕೆ ಬರೋದಿಲ್ಲ. ನೀನು ಬೃಂದಾ ಹತ್ತಿರ ಕೇಳಿದೆಯಂತೆ, ಕಣ್ಣಿಗೆ ತಾನೆ ಹನಿ ಹಾಕಿದ್ದು, ಕಿವಿಗೂ ಹಾಕಿದ್ದರಾ ಅಂತ. ಒಳ್ಳೆ ಪ್ರಶ್ನೆ. ಕಿವಿ ಚೆನ್ನಾಗಿತ್ತು. ಕೂತ ಸ್ವಲ್ಪ ಹೊತ್ತಿಗೇ ಗೊತ್ತಾಯಿತು. ಕಾವೇರಿ, ತಣ್ಣಿ, ಕರ್ನಾಟಕ ಅನ್ನೋ ಮೂರು ಮಾತು ಒಟ್ಟಿಗೆ ಬಂದರೆ ಯಾವ ದಡ್ಡನಿಗೂ ಗೊತ್ತಾಗುತ್ತದೆ. ನಮ್ಮಿಂದ ನೀರು ಬಿಡಿಸಿ ಅಂತ ಕೇಳೋ ಧರಣಿಯಲ್ಲಿ ನಾನು ಕೂತಿದ್ದೆ.

ಏಳಬೇಕಿತ್ತು. ಏಳಲಿಲ್ಲ. ಈ ಕಾಗದದಲ್ಲಿ ನಿನಗೆ ಸಿಟ್ಟು ಬರೋ ಜಾಗ ಇದು, ಅದಕ್ಕೇ ಬೇಗ ಬರೆದು ಮುಗಿಸುತ್ತೇನೆ. ನಾನು ಹೋದಾಗ ಒಬ್ಬ ಮುದುಕ ಸರಿದು ಕೂತು ಪಕ್ಕದಲ್ಲಿ ಜಾಗ ಮಾಡಿದ್ದರು. ಕರಿಯಮ್ಮ ಹೋದ ಮೇಲೆ ಇನ್ನೊಬ್ಬರು ನನಗೋಸ್ಕರ ಸರಿದು ಕೂತದ್ದು ಅದೇ ಮೊದಲು, ಅಂದಾನಿ. ಮಗಳ ಮನೆಯಲ್ಲಿ ನನಗೆ ರೂಮೇ ಇದೆ, ಆ ಮಾತು ಬೇರೆ.

ಅವರ ಹೆಸರು ಸೌರಿರಾಜ. ನದಿ ಸಮುದ್ರಕ್ಕೆ ಸೇರೋ ಕಡೆಯವರು, ಕಾಲುವೆಯ ಕೊನೇ ಗದ್ದೆ. ನನ್ನ ಕಣ್ಣು ನೋಡಿ ಕೊಡೆ ಬಿಚ್ಚಿ ನನ್ನ ತಲೆ ಮೇಲೆ ಹಿಡಿದರು, ಮಜ್ಜಿಗೆ ಕೊಟ್ಟರು. ಯಾವೂರು ಅಂತ ತಮಿಳಿನಲ್ಲಿ ಕೇಳಿದರು. ಸುಳ್ಳು ಹೇಳೋಕೆ ನನಗೆ ಅಷ್ಟು ತಮಿಳು ಬರೋದಿಲ್ಲ. ಮಂಡ್ಯ ಅಂದೆ. ಆಮೇಲೆ ಏನು ನಗು ಅಂತೀಯ! ಕೊಡೆ ಅಲ್ಲಾಡೋ ಹಾಗೆ ನಕ್ಕು, ನೋಡ್ರೋ ನೀರು ಕೊಡದವನು ನಮ್ಮ ಮಜ್ಜಿಗೆ ಕುಡೀತಿದ್ದಾನೆ ಅಂತ ಎಲ್ಲರನ್ನೂ ಕರೆದರು. ಒಬ್ಬ ಬಂದು ಬೈದ. ನಾನೂ ಬೈದೆ. ನಮ್ಮ ಕಟ್ಟೆಯಲ್ಲೇ ನೀರಿಲ್ಲ, ಬಿಡೋದೇನು ನಮ್ಮ ಕಣ್ಣೀರಾ ಅಂತ ಕನ್ನಡದಲ್ಲೇ ಕೇಳಿದೆ, ಇದನ್ನು ನಿಮ್ಮ ಸಭೆಯಲ್ಲಿ ದಯವಿಟ್ಟು ಓದಿ ಹೇಳು. ಇಬ್ಬರಿಗೂ ಅರ್ಥವಾಗಲಿಲ್ಲ, ಅದಕ್ಕೇ ಜಗಳ ಬೇಗ ಮುಗಿಯಿತು. ಆಮೇಲೆ ಘೋಷಣೆ ಶುರುವಾಯಿತು. ಕೂಗಲಿಲ್ಲ ಅಂತ ಕರಿಯಮ್ಮನ ಆಣೆ. ಕೈ ಮಾತ್ರ ಎದ್ದಿತು. ಆ ತಾಳ ಕೇಳಿದರೆ ಕೈ ತಾನಾಗಿ ಏಳುತ್ತದೆ, ನಿನಗೂ ಏಳುತ್ತಿತ್ತು. ಅದೇ ಹೊತ್ತಿಗೆ ಯಾರೋ ಫೋಟೋ ಹೊಡೆದರು.

ಮಾರನೇ ದಿನ ಅದು ಇಲ್ಲಿಯ ಪೇಪರಿನಲ್ಲಿ ಬಂತು. ಕೆಳಗಿನ ಮನೆಯ ಸುಶಮೀಂದ್ರ ರಾಯರು ಓದಿ ಹೇಳಿದರು. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರೋ ಕನ್ನಡದೋರು ಅವರು, ಬಾಯಲ್ಲಿ ಅರ್ಧ ತಮಿಳು. ನ್ಯಾಯಕ್ಕೆ ಗಡಿಯಿಲ್ಲ, ಕರ್ನಾಟಕದ ರೈತನೂ ನಮ್ಮ ಜೊತೆ ಅಂತ ಬರೆದಿದ್ದಾರಂತೆ. ಅದೇ ಫೋಟೋ ಮಂಡ್ಯದ ಮೊಬೈಲುಗಳಲ್ಲಿ, ಶಾಲು ಮಾರಿಕೊಂಡ ದ್ರೋಹಿ ಅಂತ. ಅದೇ ಶಾಲು, ಅದೇ ಕೈ. ನನ್ನನ್ನು ಕೇಳಿದ್ದರೆ, ಕಣ್ಣು ಕಾಣದೆ ಕೂತ ಮುದುಕ ಅಂತ ಬರೆಯಿರಿ ಅಂತಿದ್ದೆ. ಎರಡು ಕಡೆಯವರೂ ಕೇಳಲಿಲ್ಲ.

ನಿನ್ನ ಕಷ್ಟ ನನಗೆ ಗೊತ್ತಿಲ್ಲದೆ ಇಲ್ಲ. ನೀನು ಸಂಘದ ತಾಲೂಕು ಅಧ್ಯಕ್ಷ, ಹೆದ್ದಾರಿಯಲ್ಲಿ ಪೆಂಡಾಲು ಹಾಕಿ ಕೂತಿದ್ದೀಯ, ಮೈಕು ಹಿಡಿದವನು ಬಂದು ನಿಮ್ಮ ಭಾವನೇ ಆ ಕಡೆ ಸೇರಿದರಂತಲ್ಲ ಅಂತ ಕೇಳಿದಾಗ ನೀನೇನು ಹೇಳೋಕೆ ಆಗುತ್ತದೆ? ಟೀವಿಯಲ್ಲಿ ನಿನ್ನ ಮುಖ ನೋಡಿದೆ. ಅಕ್ಕನನ್ನು ಮಣ್ಣು ಮಾಡಿದ ದಿನ ಹೀಗೇ ಇತ್ತು.

ಆದರೆ ಇಲ್ಲಿಯದೂ ಕೇಳು. ನಿಶಾಂತನ ಕಾರಿಗೆ ಮಂಡ್ಯದ ನಂಬರು, ಬಂದ್ ಆದಾಗಿನಿಂದ ಅದಕ್ಕೆ ಟಾರ್ಪಾಲು ಹೊದಿಸಿ ನಿಲ್ಲಿಸಿದ್ದಾನೆ. ಹುಡುಗ ಬೆಳಗ್ಗೆ ಎದ್ದು ಹಗ್ಗ ಬಿಗಿಯಾಗಿದೆಯಾ ಅಂತ ನೋಡುತ್ತಾನೆ. ಬೃಂದಾ ನನ್ನ ಕೈ ಹಿಡಿದುಕೊಂಡು, ಅಪ್ಪ, ತಮಿಳರು ಮೋಸ ಮಾಡಿದರು ಅಂತ ನೀನು ಹೇಳಿದ್ದು ಇಲ್ಲಿಯ ಫೋನುಗಳಿಗೂ ಬರುತ್ತದೆ, ಮೌನ ದಿನಾ ಸ್ಕೂಲ್ ವ್ಯಾನಿನಲ್ಲಿ ಹೋಗಬೇಕು, ಎಲ್ಲರಿಗೂ ನಿನ್ನ ಮುಖ ಗೊತ್ತು ಅಂದಳು. ಸುಶಮೀಂದ್ರ ರಾಯರು, ಬೇಕಾ ಸಾರ್ ನಮಗಿದು, ಪೇಸಾಮ ಇರಿ, ಬಾಯಿ ಬಿಡಬೇಡಿ, ಹಿಂದೆ ಗಲಾಟೆ ಆದಾಗ ನಮ್ಮಪ್ಪ ಬಾಗಿಲಿನ ಹೆಸರಿನ ಬೋರ್ಡನ್ನೇ ಬಿಚ್ಚಿ ಮಂಚದ ಕೆಳಗೆ ಇಟ್ಟಿದ್ರು ಅಂತ ಹೇಳಿದರು. ಮೌನ ಒಬ್ಬಳೇ ಧೈರ್ಯವಾಗಿರೋಳು. ತಾತಾ ನೀ ಫೇಮಸ್ ಆಯಿಟ್ಟೆ ಅಂತಾಳೆ.

ಇನ್ನೊಂದು. ಸೌರಿರಾಜರು ಆವತ್ತು ನನ್ನನ್ನು ಸ್ಟೇಷನ್ನಿಗೆ ಕೈ ಹಿಡಿದು ಕರಕೊಂಡು ಹೋಗಿ ಟ್ರೈನು ಹತ್ತಿಸಿದರು. ನಂಬರೂ ಬರಕೊಂಡರು. ಮೊನ್ನೆ ಫೋನು ಮಾಡಿ, ಕಣ್ಣು ಓಕೆನಾ ಅಂದರು. ಓಕೆ ಅಂದೆ. ವಯಲ್ ಅಂತ ಏನೋ ಹೇಳಿದರು, ಗದ್ದೆ ಇರಬೇಕು. ನಾಟ್ ಓಕೆ ಅಂದರು. ನಮ್ಮದೂ ನಾಟ್ ಓಕೆ ಅಂದೆ. ಅಷ್ಟೇ ಮಾತು. ಅವರು ನನಗೆ ಸುಳ್ಳು ಹೇಳಿ ಕೂರಿಸಲಿಲ್ಲ, ಅಂದಾನಿ. ಅವರು ಏನನ್ನೂ ಹೇಳಲೇ ಇಲ್ಲ, ಸರಿದು ಕೂತರು. ಫ್ಯಾಕ್ಟ್ ಈಸ್ ಫ್ಯಾಕ್ಟ್.

ಆದ್ದರಿಂದ ನಾನು ಕೇಳೋದು ಇಷ್ಟು. ಶಾಲಿಲ್ಲದೆ ಬರುತ್ತೇನೆ. ಅಮಾವಾಸ್ಯೆ ಬೆಳಗ್ಗೆ ಹೆದ್ದಾರಿಯಲ್ಲೇ ಇಳಿದು, ತಲೆಗೆ ಟವಲು ಕಟ್ಟಿಕೊಂಡು ಗದ್ದೆ ಬದುವಿನ ಮೇಲೆ ಬರುತ್ತೇನೆ. ಎಡೆ ಇಟ್ಟು, ಅವಳಿಗೊಂದು ಹೊಸ ಸೀರೆ ತೋರಿಸಿ, ಎಲೆಯಡಿಕೆ ಜೊತೆ ಹೊಗೆಸೊಪ್ಪೂ ಇಟ್ಟು (ನಿನಗೆ ಗೊತ್ತಿರಲಿಲ್ಲ, ಹಾಕೋಳು) ಮಧ್ಯಾಹ್ನದ ಹೊತ್ತಿಗೆ ಹೊರಟುಬಿಡುತ್ತೇನೆ. ಅದೂ ಬೇಡವಾದರೆ ಪೆಂಡಾಲಿಗೇ ಬಂದು, ಹೋಗಿ ಕೂತದ್ದು ನನ್ನ ತಪ್ಪು, ಏಳದೆ ಇದ್ದದ್ದು ಇನ್ನೂ ದೊಡ್ಡ ತಪ್ಪು ಅಂತ ಎಲ್ಲರ ಮುಂದೆ ಕೈ ಮುಗಿಯುತ್ತೇನೆ. ಟೀವಿಯವರೂ ಇರಲಿ. ಮಸಿ ಬಳಿಯಲೇಬೇಕು ಅಂದರೆ ಎಡೆ ಆದ ಮೇಲೆ ಬಳಿಯಲಿ, ಆ ಮುಖ ಹೊತ್ತುಕೊಂಡು ಅವಳ ಮುಂದೆ ಹೋಗೋದು ಬೇಡ. ಮೋಸ ಅನ್ನೋ ಆ ಒಂದು ಮಾತು ಮಾತ್ರ ನನ್ನ ಬಾಯಿಂದ ಕೇಳಬೇಡ. ಅದು ಆಗೋದಿಲ್ಲ.

ಅವಳು ಇದ್ದಿದ್ದರೆ ಇಬ್ಬರನ್ನೂ ಬೈದು ಒಂದೇ ತಟ್ಟೆಗೆ ಮುದ್ದೆ ಹಾಕೋಳು. ಈಗ ಯಾರೂ ಇಲ್ಲ, ನೀನೇ ಅಧ್ಯಕ್ಷ.

ಯುವರ್ಸ್ ಫೇತ್‌ಫುಲಿ ಅಂತ ಮುಗಿಸೋದು ಕ್ರಮ. ಫೇತ್ ನಿನಗೆ ಬಿಟ್ಟದ್ದು.

ಇಂತಿ ನಿನ್ನ ಅಕ್ಕನ ಗಂಡ,
ಭೋಜರಾಜ

ತಾ.ಕ.: ಈ ಹಾಳೆಯ ಹಿಂದೆ ಟೇಪು ಹಾಕಿ ಅಂಟಿಸಿರೋದು ಮೊಬೈಲಿನ ಮೆಮೊರಿ ಕಾರ್ಡು. ಕಾಗದ ಬರೆದು ಮುಗಿಸಿ, ಬೃಂದಾ ಬ್ಯಾಂಕಿಗೆ ಹೋದ ಮೇಲೆ, ಫೋನನ್ನು ಕಿಟಕಿಗೆ ಒರಗಿಸಿ ಮಾಡಿದೆ. ನೀನು ಕೇಳಿದ ಮಾತೆಲ್ಲ ಇದೆ, ಮೋಸ ಅನ್ನೋದೂ ಇದೆ. ನಾಲಿಗೆ ಹೊರಳೋದಿಲ್ಲ ಅಂದುಕೊಂಡಿದ್ದೆ, ಒಂದೇ ಸಲಕ್ಕೆ ಸಲೀಸಾಗಿ ಬಂತು. ಆ ಮನುಷ್ಯರ ಹೆಸರು ಹೇಳಿಲ್ಲ. ಆದರೆ ಫೋಟೋದಲ್ಲಿ ನನ್ನ ಪಕ್ಕ ಕೊಡೆ ಹಿಡಿದಿರೋದು ಅವರೇ. ಮೊದಲು ಕಾಗದ ಓದು. ಓದಿ ನನ್ನನ್ನು ಊರೊಳಕ್ಕೆ ಬಿಡೋಣ ಅನ್ನಿಸಿದರೆ ಕಾರ್ಡನ್ನು ಒಲೆಗೆ ಹಾಕು. ಅನ್ನಿಸದಿದ್ದರೆ ಟೀವಿಗೆ ಕೊಡು, ನಾನು ಅಮಾವಾಸ್ಯೆ ಹಿಂದಿನ ಶುಕ್ರವಾರದ ಬಸ್ಸಿಗೆ ಹೊರಟಿರುತ್ತೇನೆ. ಲಕೋಟೆ ಒಡೆದಾಗ ನೀನು ಮೊದಲು ಕೈಗೆತ್ತಿಕೊಳ್ಳೋದು ಯಾವುದನ್ನು ಅಂತ ನನಗೆ ಗೊತ್ತಿದೆ, ಗೊತ್ತಿದ್ದೇ ಅಂಟಿಸಿದೆ. ಬೃಂದಾಗೆ ನೀನೇನೂ ಹೇಳಬೇಡ. ಎಡೆ ಆಗಲಿ, ಆಮೇಲೆ ನಾನೇ ಹೇಳುತ್ತೇನೆ.