ಕೋಡಿಗೆ ಬಡಿದ ಜಾಲರಿ

ನವೆಂಬರ್ ೨೭, ಬೆಳಗ್ಗೆ ಐದೂವರೆ

ಸುತ್ತಿಗೆ ಸದ್ದಿಗೆ ಎಚ್ಚರ. ಮಗಳು ಡೆನಿತ್ಸಾ ಆಗಷ್ಟೇ ಮಲಗಿದ್ದಳು—ಮಗುವಿಗೆ ಹಲ್ಲು ಬರುತ್ತಿದೆ, ನನಗೆ ನಿದ್ದೆಯಿಲ್ಲ. ಕಿಟಕಿ ತೆರೆದರೆ ಕೆರೆ ಏರಿಯ ಮೇಲೆ ಟಾರ್ಚು. ನೈಡೆನ್ ಚಿಕ್ಕಮಾವ ಕೋಡಿಗೆ ತಂತಿ ಜಾಲರಿ ಬಡಿಯುತ್ತಿದ್ದಾರೆ. ಮೀನು ಸಾಕಲು ಕೆರೆ ಗುತ್ತಿಗೆ ಹಿಡಿದವರು. ಹೆಚ್ಚಾದ ನೀರು ಹೊರಗೆ ಹೋಗಲೆಂದೇ ಇರುವ ಕೋಡಿ. ನೀರಿನ ಜೊತೆ ಗೆಂಡೆ ಮೀನೂ ಹೋದಾವೆಂದು ಇವರಿಗೆ ಭಯ. ಪಕ್ಕದಲ್ಲಿ ಮೊಳೆ ಹಿಡಿದು ಕೂತವನು... ನನ್ನ ಗಂಡ, ಯಾವೋರ್.

ರಾತ್ರಿ

ಯಾವೋರ್‌ನನ್ನು ಕೇಳಿದೆ. “ನಿಕೊಲಾಯ್ ಹಬ್ಬದ ತನಕ ಕಣೇ. ಆರನೇ ತಾರೀಖು ಮೀನು ಹಿಡಿದ್ಮೇಲೆ ಕಿತ್ತು ಹಾಕ್ತಾರೆ. ಚಿಕ್ಕಪ್ಪಂಗೆ ಇಲ್ಲ ಅನ್ನೋಕಾಗುತ್ತಾ?”

ಅತ್ತೆ ಒಳಗಿಂದಲೇ ಗೊಣಗಿದರು: “ಆ ಕೆರೆ ಕಟ್ಟಿದ್ದೇ ಖಾಲಿ ಇಡೋಕೆ. ಬೆಟ್ಟದ ನೀರು ಒಮ್ಮೆಲೇ ನುಗ್ಗಿದ್ರೆ ಅಲ್ಲಿ ನಿಲ್ಲಲಿ ಅಂತ. ಈಗ ನೋಡು, ಬಸುರಿ ಹೊಟ್ಟೆ ಹಾಗಿದೆ.” ಹಾಗೆಂದವರೇ ಮೀನಿನ ಟ್ರೇ ಉಜ್ಜಲು ಕೂತರು. “ಹಬ್ಬಕ್ಕೆ ಗೆಂಡೆ ಇಲ್ದೆ ಆಗುತ್ತಾ?”

ಡಿಸೆಂಬರ್ ೩

ಮಳೆ ಬಿಟ್ಟಿಲ್ಲ. ಮಗುವನ್ನು ಕಟ್ಟಿಕೊಂಡು ಏರಿ ಹತ್ತಿದೆ.

“ಏನಮ್ಮಾ ಇಂಜಿನಿಯರಮ್ಮ, ಕೂಸಿಗೂ ಕೆರೆ ತೋರ್ಸೋಕೆ ಬಂದ್ಯಾ?” ಎಂದರು ಚಿಕ್ಕಮಾವ. ಪ್ಲೋವ್ದಿವ್ ನಗರದಲ್ಲಿ ನಾನು ಓದಿದ್ದು ಇತಿಹಾಸ.

“ಜಾಲರಿ ತುಂಬ ಜೊಂಡು ಕೂತಿದೆ. ನೀರು ಹೋಗ್ತಾನೇ ಇಲ್ಲ. ಏರಿ ಮೇಲೆ ಹತ್ತಿ ಹರಿದ್ರೆ ಮಣ್ಣು ತಡೆಯುತ್ತಾ?”

“ನೀನು ಹುಟ್ಟೋಕೆ ಮುಂಚಿಂದ ನಿಂತಿದೆ. ಹೋಗು, ಮಗೂಗೆ ಹಾಲು ಕೊಡು.”

ಡಿಸೆಂಬರ್ ೪

ಏರಿಯ ಬುಡದಲ್ಲಿ ಜಿನುಗು. ನಿನ್ನೆ ತಿಳಿಯಾಗಿತ್ತು. ಇವತ್ತು ಕದಡಿದೆ—ಒಳಗಿನ ಮಣ್ಣು ತೊಳೆದು ಬರುತ್ತಿದೆ ಅಂತ ತಾನೆ ಅರ್ಥ? ಪಂಚಾಯ್ತಿ ಆಫೀಸಿಗೆ ಫೋನ್ ಮಾಡಿದೆ. “ಹಬ್ಬ ಕಳೀಲಿ ಮೇಡಂ, ಬರ್ತೀವಿ.” ಹಿಂದಿನಿಂದ ಯಾರೋ ನಕ್ಕರು.

ಯಾವೋರ್ ಬಂದು ನೋಡಿದ. ಹಾರೆ ಹುಡುಕಲು ಹೋದ.

ಡಿಸೆಂಬರ್ ೫, ರಾತ್ರಿ—ಗಂಟೆ ಗೊತ್ತಿಲ್ಲ

ಕರೆಂಟಿಲ್ಲ. ಸಿಗ್ನಲ್ ಇಲ್ಲ. ಏರಿಯ ಮೇಲೆ ಯಾವೋರ್, ಚಿಕ್ಕಮಾವ ಇಬ್ಬರೂ ಹಾರೆ ಹಾಕಿ ಮೀಟುತ್ತಿದ್ದಾರೆ. ನೀರಿನ ಒತ್ತಡಕ್ಕೆ ಜಾಲರಿ ಕಲ್ಲಿಗೆ ಅಂಟಿಕೊಂಡಿದೆ. ಕೆರೆ ನೀರು ಬಿಡುವ ತೂಬಿನ ಚಕ್ರ ತುಕ್ಕು ಹಿಡಿದು ಅಲ್ಲಾಡುತ್ತಿಲ್ಲ. ಚಿಕ್ಕಮಾವ ಅಳುತ್ತಿದ್ದಾರೆ. “ಹೋಗಲಿ, ಎಲ್ಲಾ ಮೀನೂ ಹೋಗಲಿ” ಅನ್ನುತ್ತಿದ್ದಾರೆ. ಒಂದೂ ಹೋಗುತ್ತಿಲ್ಲ.

ಅತ್ತೆ ಮನೆಮನೆಯ ಬಾಗಿಲು ಬಡಿಯುತ್ತಿದ್ದಾರೆ. “ಈ ಮಳೇಲಿ ಎಲ್ಲಿಗೆ ಹೋಗೋದು, ಪೆನಾ? ಮಲಕ್ಕೋ” ಅಂತ ಅತ್ತೆಗೆ ಒಳಗಿಂದಲೇ ಜವಾಬು.

ಮಗುವನ್ನು ಎದೆಗೆ ಕಟ್ಟಿಕೊಂಡು ಮೇಲಿನ ಡಾಂಬರು ರಸ್ತೆಗೆ ಬಂದೆ. ಒಂದು ಗಾಡಿಯೂ ಇಲ್ಲ. ಪೇಟೆಯ ಕಡೆ ನಡೆಯುತ್ತೇನೆ, ಸಿಗ್ನಲ್ ಸಿಗುವವರೆಗೆ. ಈ ಪುಸ್ತಕವನ್ನು ಬಸ್ ಸ್ಟಾಪಿನ ಕಂಬಕ್ಕೆ ಕಟ್ಟುತ್ತಿದ್ದೇನೆ. ಹಿಂದಿನ ಹಾಳೆ ಓದಬೇಡಿ. ಇದನ್ನು ಓದಿ.

ಯಾರೇ ಆಗಿರಿ—ಬೆಳಗಾಗುವ ಮೊದಲು ೧೧೨ಕ್ಕೆ ಫೋನ್ ಮಾಡಿ. ದೋಲ್ನಾ ವರ್ಬಾ ಊರು. ಕೋಡಿ ಕಟ್ಟಿಕೊಂಡಿದೆ, ಏರಿ ಒಡೆಯುತ್ತಿದೆ ಅನ್ನಿ. ಕೆಳಗೆ ಜನ ಮಲಗಿದ್ದಾರೆ. ನಾನು ಆಗಲೇ ಮಾಡಿರಬಹುದು ಅಂದುಕೊಳ್ಳಬೇಡಿ, ನನ್ನ ಫೋನಿನ ಚಾರ್ಜು ಮುಗಿಯುತ್ತಾ ಬಂದಿದೆ. ಇಳಿದು ನೋಡಲು ಹೋಗಬೇಡಿ. ನಿಮ್ಮ ದಮ್ಮಯ್ಯ, ಮೊದಲು ಫೋನ್, ಆಮೇಲೆ—