ಎದ್ದರೆ ನನ್ನಾಣೆ ಎಂದವಳಿಗೆ

ಮುದ್ದು ಮಗಳು ನೀಲಾಂಬಿಕೆಗೆ,

ಮೈಸೂರಿನ ಆಸ್ಪತ್ರೆಯ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಈ ವಾರ್ಡಿಗೆ ಮಕ್ಕಳನ್ನು ಬಿಡುವುದಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದೊಡನೆ ಹೇಳಬೇಕೆಂದಿದ್ದೆಲ್ಲ ಮರೆತುಹೋಗುತ್ತದೆ. ಅದಕ್ಕೇ ನಿಮ್ಮಮ್ಮನ ಕೈಲಿ ಇದನ್ನು ಕಳಿಸುತ್ತಿದ್ದೇನೆ.

ಕೆ.ಆರ್. ನಗರದ ಮಕ್ಕಳ ಡಾಕ್ಟರು, ಹದಿಮೂರು ವರ್ಷಕ್ಕೇ ನಿನ್ನ ಲಿವರಿನಲ್ಲಿ ಕೊಬ್ಬು ಕೂತಿದೆ ಎಂದಾಗ ನನ್ನ ಜೀವವೇ ಹಾರಿಹೋಗಿತ್ತು. ಅಜ್ಜಿ ಮಾತ್ರ, "ಬೆಳಿಯೋ ಮಗೀಗೆ ಅದೆಂತ ಕಾಯಿಲೆ, ಬುಡು" ಅಂದರು. ನಾನು ಕೇಳಲಿಲ್ಲ. ಆ ಡಾಕ್ಟರ ಆಸ್ಪತ್ರೆಯ ಮಹಡಿಯಲ್ಲೇ ತೂಕ ಹೆಚ್ಚಾದ ಮಕ್ಕಳಿಗೆ ನಡೆಯುವ ವ್ಯಾಯಾಮದ ಕ್ಲಾಸಿಗೆ ಸೇರಿಸಿದೆ. ಒಬ್ಬೊಬ್ಬರ ನಾಡಿ ನೋಡಿ, ಒಬ್ಬರಿಗೆ ಸೈಕಲ್ಲು, ಒಬ್ಬರಿಗೆ ಚೆಂಡು ಎಂದು ವಾಣಿಶ್ರೀ ಮೇಡಂ ಹಂಚುತ್ತಿದ್ದರು. ಶನಿವಾರ ಹೆತ್ತವರೂ ಜೊತೆಗೆ ಆಡಬೇಕು. ಸಾಲಿಗ್ರಾಮದ ಗೊಬ್ಬರದ ಅಂಗಡಿಯನ್ನು ಬೇಗ ಮುಚ್ಚಿ ನಾನೂ ಬರುತ್ತಿದ್ದೆ. ನಿನ್ನ ಆರೋಗ್ಯಕ್ಕಾಗಿ ಬರುತ್ತಿದ್ದೇನೆ ಅಂದುಕೊಂಡಿದ್ದೆ.

ಆ ಶನಿವಾರ ನೀನು ಎಸೆದ ಚೆಂಡು ಹಿಡಿಯಲು ಎಡಗೈ ಏಳಲಿಲ್ಲ. ಎದೆ ಹಿಂಡಿದಂತಾಯಿತು. ಬಗ್ಗಿ ನಿಂತೆ. ನೀನು ಓಡಿ ಬಂದು ನನ್ನ ಹಣೆ ಮುಟ್ಟಿದೆ.

"ಗ್ಯಾಸು ಕಣವ್ವ. ಬುಡು, ಚೆಂಡು ಎಸಿ" ಅಂದೆ.

"ಕೂತ್ಕೊ ಅಪ್ಪ. ಎದ್ರೆ ನನ್ನಾಣೆ."

ನಾನು ಕೂತೆ. ಆಮೇಲೆ ನೀನು ಕೂಗಿದ್ದು ಇಡೀ ಹಾಲಿಗೆ ಕೇಳಿಸಿತು. "ಮೇಡಂ, ಎಲ್ಲಾ ನಿಲ್ಸಿ. ಅಪ್ಪಂಗೆ ಬೆವರು ತಣ್ಣಗದೆ, ಕೈ ಎತ್ತಕ್ಕಾಯ್ತಿಲ್ಲ." ಸೈಕಲ್ಲುಗಳು ನಿಂತವು. ಮೇಡಂ ನನ್ನನ್ನು ಗೋಡೆಗೆ ಒರಗಿಸಿದರು, ಕೆಳಗಿನಿಂದ ಡಾಕ್ಟರು ಬಂದರು, ಆಂಬ್ಯುಲೆನ್ಸ್ ಬಂತು. ನನಗೆ ಆಮೇಲಿನದು ಸರಿಯಾಗಿ ನೆನಪಿಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತಂತೆ. ಗ್ಯಾಸೆಂದು ಮನೆಗೆ ಹೋಗಿ ಮಲಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಇಲ್ಲಿಯ ಡಾಕ್ಟರು ಹೇಳಿದರು.

ಅದಕ್ಕಿಂತ ದೊಡ್ಡ ಆಘಾತ ನಿನ್ನೆ ಕಾದಿತ್ತು, ಮಗಳೇ. ಮೇಡಂ ನೋಡಲು ಬಂದಿದ್ದರು. ನೀಲಾಗೆ ಇದೆಲ್ಲ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಎದೆನೋವು, ತಣ್ಣನೆ ಬೆವರು, ತಲೆಸುತ್ತು ಯಾರಿಗೆ ಬಂದರೂ ಆಟ ನಿಲ್ಲಿಸಿ ಗಟ್ಟಿಯಾಗಿ ಹೇಳಬೇಕೆಂದು ಎಲ್ಲ ಮಕ್ಕಳಿಗೂ ಕಲಿಸುತ್ತಾರಂತೆ. "ನಿಮ್ಮ ಮಗಳು ಮಾತ್ರ ಹೇಳ್ತಿರಲಿಲ್ಲ ಸಾರ್. ಒಂದು ದಿನ ತಲೆ ಸುತ್ತಿ ಬೀಳೋ ಹಂಗಾದ್ರೂ ಬಾಯಿ ಬಿಡಲಿಲ್ಲ. ಕೇಳಿದ್ರೆ, ದಪ್ಪಗಿರೋಳು ಸುಸ್ತು ಅಂದ್ರೆ ಎಲ್ಲಾ ನಗ್ತಾರೆ ಅಂದ್ಳು. ಅವಳು ಅಲ್ಲಿ ಬಾಯಿ ಬಿಟ್ಟು ಕೂಗಿದ್ದು ನಿಮಗೋಸ್ಕರನೇ ಮೊದಲು."

ಮೇಡಂ ಹೋದ ಮೇಲೆ ನರ್ಸಿಗೆ ಹೇಳಿ ಈ ಕಾಗದ ತರಿಸಿಕೊಂಡೆ. ತಲೆ ಸುತ್ತುತ್ತಿದ್ದರೂ ನೀನು ಹಲ್ಲು ಕಚ್ಚಿ ನಿಂತಿದ್ದೆಯಲ್ಲ, ಯಾರ ನಗುವಿಗೆ ಹೆದರಿ? ನಿನ್ನ ಜೀವ ನನ್ನದಕ್ಕಿಂತ ಅಗ್ಗವೇ?

ನಾನಿಲ್ಲವೆಂದು ಕ್ಲಾಸು ತಪ್ಪಿಸಬೇಡ. ಸುಸ್ತಾದರೆ ಹೇಳು, ಅವತ್ತು ಕೂಗಿದಷ್ಟೇ ಗಟ್ಟಿಯಾಗಿ. ನಗುವವರು ನಗಲಿ.

ನಿನಗೆ ನೂರು ವರ್ಷ ಆಯಸ್ಸಿರಲಿ, ನನ್ನವ್ವ.

ನಿನ್ನಿಂದ ಉಳಿದ
ಅಪ್ಪ, ಮಹದೇವಪ್ರಸಾದ್